ಸೂಜಿಗೆ ಹೆದರುವ ಕಾಂಪೌಂಡರು

ಸರ್ಕಾರಿ ದಾಖಲೆಯನ್ನು ನಂಬುವುದಾದರೆ, ಐವತ್ತರ ದಶಕದಲ್ಲಿ ನಮ್ಮೂರಿನ ಒಂದೇ ಒಂದು ನಾಯಿಗೂ ಕಾಯಿಲೆ ಬರಲಿಲ್ಲ. ಕರುಗಳಿಗೆ ಮಾತ್ರ ವಿಪರೀತ ಬಂತು. ಅವಕ್ಕೆ ಕಜ್ಜಿಯಾಯಿತು, ಕಿವಿ ಸೋರಿತು, ಹೊಟ್ಟೆಯಲ್ಲಿ ಜಂತುಹುಳು ತುಂಬಿತು, ಅಂಗಾಲಿಗೆ ಜಾಲಿಮುಳ್ಳು ನೆಟ್ಟಿತು. ಒಂದು ಕರುವಂತೂ, ಪುಸ್ತಕದಲ್ಲಿ ಬರೆದಿರುವ ಪ್ರಕಾರ, ಬೊಗಳುವಾಗ ಕೆಮ್ಮುತ್ತಿತ್ತು.

ಇದನ್ನೆಲ್ಲ ಬರೆದವರು ನಮ್ಮೂರ ದನದ ಆಸ್ಪತ್ರೆಯ ಕಾಂಪೌಂಡರು. ಅವರು ತೀರಿಕೊಂಡರೆಂದು ಹೋದ ತಿಂಗಳು ಅವರ ಅಳಿಯ ಕೆ.ಆರ್. ನಗರದಿಂದ ಒಂದು ಕಾರ್ಡು ಹಾಕಿದ್ದರು. ಹೆಸರು ಬರೆಯುವುದಿಲ್ಲ. ನಮ್ಮೂರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಈಗ ನಾನು ಕರೆದರೆ ಅವರೇ ತಿರುಗಿ ನೋಡಲಿಕ್ಕಿಲ್ಲ.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಆಗ ನಾನು ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟರು. ಅಪ್ಪ ಹೋಗಿ ಆರು ವರ್ಷವಾಗಿತ್ತು. ನಾನು, ಅವ್ವ, ಕರಿಯ ಅನ್ನುವ ನಾಯಿ, ಮೂವರ ಸಂಸಾರ. ನಮ್ಮ ಬಾಡಿಗೆ ಮನೆಗೂ ದನದ ಆಸ್ಪತ್ರೆಗೂ ನಡುವೆ ಒಂದು ಮೋಟು ಗೋಡೆ. ಆಸ್ಪತ್ರೆ ಎಂದರೆ ಎರಡು ಕೋಣೆ, ಅಂಗಳದಲ್ಲಿ ಎತ್ತುಗಳನ್ನು ಅಲುಗಾಡದಂತೆ ನಿಲ್ಲಿಸಲು ಮರದ ಒಂದು ಚೌಕಟ್ಟು. ಡಾಕ್ಟರು ಹುಣಸೂರಿನಿಂದ ಮಂಗಳವಾರ ಮಾತ್ರ ಬರುತ್ತಿದ್ದರು. ಮಿಕ್ಕ ದಿನಗಳಲ್ಲಿ ಇವರೇ.

ಆಸ್ಪತ್ರೆಯ ಪುಸ್ತಕದಲ್ಲಿ ಎತ್ತು, ಹಸು, ಎಮ್ಮೆ, ಕರು, ಕುರಿ, ಮೇಕೆ ಎಂದು ಕಲಂ ಇದ್ದವು. ನಾಯಿಗೆ ಕಲಂ ಇರಲಿಲ್ಲ. ನಾಯಿಗೆ ಔಷಧಿ ಕೊಡಬಾರದೆಂದು ಯಾರೂ ಹೇಳಿರಲಿಲ್ಲ, ಕೊಡಬೇಕೆಂದೂ ಹೇಳಿರಲಿಲ್ಲ. ಕೊಟ್ಟ ಔಷಧಿಯನ್ನು ಎಲ್ಲಾದರೂ ಬರೆಯಲೇಬೇಕಲ್ಲ, ಅದಕ್ಕೆ ಅವರು ಕರುವಿನ ಕಲಮಿನಲ್ಲಿ ಬರೆದರು. ಒಮ್ಮೆ ಮೇಲಿನ ಅಧಿಕಾರಿಯೊಬ್ಬರು ತಪಾಸಣೆಗೆ ಬಂದು ಪುಟ ತಿರುವಿ ಕೇಳಿದರಂತೆ: "ಏನ್ರೀ, ಈ ಊರಲ್ಲಿ ಹಸುಗಿಂತ ಕರುನೇ ಜಾಸ್ತಿ ಇವೆಯಲ್ಲ?" ಇವರು "ಒಳ್ಳೇ ಊರು ಸಾರ್" ಅಂದರಂತೆ. ಅಧಿಕಾರಿಗಳು ಬೊಗಳುವ ಕರುವಿನ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಕೆಳಗೆ ಸಹಿ ಮಾಡಿದರು. ಅವರ ಮನೆಯಲ್ಲೂ ಒಂದು ಕರು ಇದ್ದಿರಬೇಕು.

ನಮ್ಮ ಕಾಂಪೌಂಡರು ಆಳು ಸಣಕಲು. ಖಾಕಿ ಅಂಗಿ, ಫಿನಾಯಿಲ್ ವಾಸನೆ, ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಥರ್ಮಾಮೀಟರು. ನಾಯಿಗೆ ಅದನ್ನು ಎಲ್ಲಿ ಇಡುತ್ತಾರೆಂದು ಊರಿಗೆ ತಿಳಿದ ಮೇಲೆ ಅವರ ಪೆನ್ನನ್ನು ಯಾರೂ ಎರವಲು ಕೇಳಲಿಲ್ಲ. ಮನೆಯಲ್ಲಿ ನಾಯಿ ಸಾಕಿರಲಿಲ್ಲ. ಯಾಕೆಂದು ನಾನೊಮ್ಮೆ ಕೇಳಿದ್ದಕ್ಕೆ "ಕರು ಕಟ್ಟಾಕಕ್ಕೆ ಜಾಗ ಇಲ್ಲ ಮೇಷ್ಟ್ರೇ" ಅಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ನಾಯಿ ತಂದವರಿಗೆ ಅವರು ಕೇಳುತ್ತಿದ್ದುದು ಮೂರು ಪ್ರಶ್ನೆ. ತಿಂತಾ? ಕುಡೀತಾ? ಕರುದ್ರೆ ಬಾಲ ಆಡುಸ್ತಾ? ಹೇಳುತ್ತಿದ್ದುದೂ ಮೂರೇ ಮಾತು: ಬುಡಿ, ನೋಡಿ, ಓಡಿ. "ಬುಡಿ" ಅಂದರೆ ಚಿಂತೆ ಬೇಡ, ತಾನೇ ಸರಿಹೋಗುತ್ತದೆ. "ನೋಡಿ" ಅಂದರೆ ನಾಳೆ ಬೆಳಗ್ಗೆ ಹಾಲು ಕರೆಯುವ ಹೊತ್ತಿನವರೆಗೆ ಕಾಯಿರಿ, ಆಗಲೂ ಹೀಗೇ ಇದ್ದರೆ ಮತ್ತೆ ತನ್ನಿ. "ಓಡಿ" ಅಂದರೆ ಮಂಗಳವಾರಕ್ಕೆ ಕಾಯದೆ ಈಗಿಂದೀಗಲೇ ಹುಣಸೂರಿಗೆ, ಡಾಕ್ಟರ ಹತ್ತಿರ. ಔಷಧಿ ಕೊಡುವುದಕ್ಕಿಂತ ಈ ಮೂರನ್ನು ಬೇರೆಬೇರೆ ಮಾಡುವುದೇ ದೊಡ್ಡ ಕೆಲಸ ಎಂದು ಅವರ ಅಭಿಪ್ರಾಯ.

ಗಾವಡಗೆರೆ ಕಡೆಯ ಗೌಡರೊಬ್ಬರು ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ಗಾಡಿಯಲ್ಲಿ ಹುಲ್ಲು ಹಾಸಿ ಅದರ ಮೇಲೆ ನಾಯಿಯನ್ನು ಮಲಗಿಸಿದ್ದರು. ಗೌಡರ ಕಣ್ಣಲ್ಲಿ ನೀರು.

"ಬೆಳಗ್ಗೆ ಗರಿಕೆ ತಿಂದು ಕಕ್ಬುಡ್ತು ಕಣ್ರೀ. ಬದುಕ್ತದಾ?"

"ಕಕ್ಕಿದ್ ಮ್ಯಾಲೆ ಏನಾರ ತಿಂತಾ?"

"ತಿಂತು."

"ಏನು?"

"ದಾರೀಲಿ ನನ್ ಬುತ್ತಿ."

"ಬುಡಿ," ಅಂದರು ಕಾಂಪೌಂಡರು.

ಅದೇ ವಾರ, ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟುವ ಹೆಂಗಸೊಬ್ಬಳು ಬಂದು, ತನ್ನ ಹೆಣ್ಣುನಾಯಿ ಹೊತ್ತು ಹುಟ್ಟಿದಾಗಿನಿಂದ ತಿಣುಕುತ್ತಿದೆ, ಒಂದು ಮರಿಯೂ ಬಂದಿಲ್ಲ ಅಂದಳು. ಸುತ್ತ ನಿಂತಿದ್ದವರು, ಹೆಂಗಸರಿಗೇ ಒಂದೊಂದು ದಿನ ಹಿಡಿಯುತ್ತದೆ, ನಾಯಿಗೇನು ಅವಸರ ಅಂದರು. ಇವರು ಸೂರ್ಯನನ್ನು ನೋಡಿ ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕಿ "ಓಡಿ" ಅಂದರು. ಅವಳು ಎಲ್ಲಿಗೆ ಓಡಿಯಾಳು? ಸೊಪ್ಪಿನ ಕುಕ್ಕೆಯಲ್ಲಿ ನಾಯಿಯನ್ನು ಕೂರಿಸಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಕಾಂಪೌಂಡರು ತಾವೇ ಹುಣಸೂರಿಗೆ ತುಳಿದರು. ನಾಯಿ ಬದುಕಿತು, ಮರಿಗಳಲ್ಲಿ ಎರಡು ಬದುಕಿದವು. ಪುಸ್ತಕದಲ್ಲಿ "ಕರುವಿಗೆ ಹೆರಿಗೆ ತೊಂದರೆ" ಎಂದಿದೆ.

ಅವ್ವ ಕರಿಯನ ಮೂಗು ಮುಟ್ಟಿ ಆರೋಗ್ಯ ನೋಡುತ್ತಿದ್ದಳು. ತಣ್ಣಗಿದ್ದರೆ ಸರಿ, ಬಿಸಿಯಿದ್ದರೆ ಜ್ವರ. ಕಾಂಪೌಂಡರು ಗೋಡೆಯಾಚೆಯಿಂದ "ಅವ್ವಾ, ಅದು ಬ್ಯಾರನ್ ಗ್ವಾಡೆಗೆ ಮೂಗಿಟ್ಕಂಡು ಮನಗಿತ್ತು. ನೀವು ಮನಗಿದ್ರೆ ನಿಮ್ ಮೂಗೂ ಬಿಸಿಯಾಯ್ತದೆ" ಅನ್ನುತ್ತಿದ್ದರು. ಅವ್ವ "ನಿಂಗೇನ್ ಗೊತ್ತು ಸುಮ್ಕಿರಪ್ಪ" ಅನ್ನುತ್ತಿದ್ದಳು.

ಅವರಿಗೆ ಕೋಪ ಬರುತ್ತಿದ್ದುದು ಸೀಮೆಎಣ್ಣೆಗೆ. ನಾಯಿಯ ಕಿವಿಯಲ್ಲಿ ರಕ್ತ ಕುಡಿದು ಹುಣಸೆಬೀಜದಷ್ಟಾದ ಉಣ್ಣೆಗಳಿಗೆ ನಮ್ಮ ಜನ ಸೀಮೆಎಣ್ಣೆ ಬಳಿಯುತ್ತಿದ್ದರು. "ದೀಪಕ್ಕಾಕೋದ್ನ ನಾಯಿಗಾಕ್ತೀರಲ್ರೀ! ಚರ್ಮ ಸುಡ್ತದೆ, ನೆಕ್ಕುದ್ರೆ ಒಟ್ಟೆಗೋಯ್ತದೆ" ಎಂದು ಬೈದು, ಚಿಮಟ ತೆಗೆದುಕೊಂಡು ಕೂತು ಒಂದೊಂದಾಗಿ ಕಿತ್ತು ಉಪ್ಪುನೀರಿನ ಡಬ್ಬಕ್ಕೆ ಹಾಕುತ್ತಿದ್ದರು. ಒಂದು ನಾಯಿಗೆ ಅರ್ಧ ದಿನ. ಎಮ್ಮೆ ತಂದವರು ಹೊರಗೆ ಬೀಡಿ ಸೇದುತ್ತ ಕಾಯಬೇಕಾಗಿತ್ತು.

ಇಷ್ಟನ್ನೂ ಕೇಳಿದವರಿಗೆ ಹೇಳುತ್ತಿದ್ದರು. ಕೇಳದಿದ್ದರೂ ಹೇಳುತ್ತಿದ್ದ ಮಾತು ಒಂದಿತ್ತು: "ಬಾಯಿ ಮುಚ್ಚಕ್ಕಾಗದೆ ಜೊಲ್ಲು ಸುರುಸ್ಕಂಡು ನಿಂತಿರೋ ನಾಯಿ ಬಾಯಿಗೆ ಕೈ ಆಕ್ಬ್ಯಾಡಿ. ಮೂಳೆ ಸಿಕ್ಕಾಕಂಡದೆ ಅನ್ಸ್ತದೆ. ಮೂಳೆಯಲ್ಲ, ಉಚ್ಚು." ಹುಚ್ಚುನಾಯಿ ಅಂದರೆ ಊರೆಲ್ಲ ಓಡಾಡಿ ಸಿಕ್ಕಿದವರನ್ನು ಕಚ್ಚುವುದು ಎಂದೇ ನಮ್ಮವರ ನಂಬಿಕೆ. ಸುಮ್ಮನೆ ಮೂಲೆಯಲ್ಲಿ ಕೂತು ದವಡೆ ಜೋಲು ಬಿಟ್ಟುಕೊಂಡ ನಾಯಿಗೂ ಹುಚ್ಚು ಹಿಡಿದಿರಬಹುದು, ಅದರ ಜೊಲ್ಲು ಕೈಮೇಲಿನ ಗಾಯಕ್ಕೆ ಸೋಕಿದರೂ ಸಾಕು, ಕಚ್ಚಲೇಬೇಕೆಂದಿಲ್ಲ ಎಂದು ಅವರು ಸಂತೆಯಲ್ಲಿ ಹೇಳಿದರು, ಕ್ಷೌರದಂಗಡಿಯಲ್ಲಿ ಹೇಳಿದರು, ಒಂದು ದಿನ ನನ್ನ ತರಗತಿಗೇ ಬಂದು ಹೇಳಿದರು. ಮಕ್ಕಳು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರು. ಅವ್ವನಿಗೂ ಬರುತ್ತಿತ್ತು. ಅದು ಬೇರೆಯವರ ನಾಯಿಗಳ ವಿಷಯ ಎಂದು ಅವಳು ತಿಳಿದಿದ್ದಳು.

ಚಳಿಗಾಲದ ಒಂದು ಭಾನುವಾರ. ಕರಿಯ ಹಿಂದಿನ ದಿನದಿಂದ ಮುದ್ದೆ ಮುಟ್ಟಿರಲಿಲ್ಲ. ನೀರಿನ ಬಾನಿಯ ಹತ್ತಿರ ಹೋಗುತ್ತಿತ್ತು, ಮೂತಿ ಅದ್ದುತ್ತಿತ್ತು, ಕುಡಿಯಲು ಆಗುತ್ತಿರಲಿಲ್ಲ. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಹಿಂದಿನ ದಿನ ಪಕ್ಕದ ಬೀದಿಯಲ್ಲಿ ಬಾಡೂಟವಾಗಿತ್ತು. ನಾನು ಜಗುಲಿಯಲ್ಲಿ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದೆ. ಅವ್ವ ಅಂಗಳದಲ್ಲಿ ಕರಿಯನನ್ನು ಮಂಡಿಗಳ ನಡುವೆ ಹಿಡಿದುಕೊಂಡು ಗಂಟಲವರೆಗೆ ಕೈ ಹಾಕಿ ತಡಕಿದಳು. ಬೆಳಗ್ಗೆ ಈಳಿಗೆಮಣೆಯಲ್ಲಿ ಬದನೆಕಾಯಿ ಹೆಚ್ಚುವಾಗ ಕೊಯ್ದುಕೊಂಡ ಅದೇ ಕೈ.

"ಮೂಳೆ ಇಲ್ಲ ಕಣ್ಲಾ," ಅಂದಳು.

ಇದನ್ನು ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ಇನ್ನೊಂದು ಕಾಪಿ ತೆಗೆದುಕೊಂಡೆ. ಮಕ್ಕಳಿಗೆ ಆ ಪಾಠವನ್ನು ನೂರು ಸಲ ಹೇಳಿಕೊಟ್ಟ ಮೇಷ್ಟರು ನಾನೇ.

ಗೋಡೆಯಾಚೆಯಿಂದ ಬಂದದ್ದು ಕಾಂಪೌಂಡರ ಕೂಗು. "ಅವ್ವಾ, ಬುಟ್ಬುಡಿ! ದೂರ ಬನ್ನಿ!" ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗೋಡೆ ದಾಟಿ ಬಂದು ಅವ್ವನನ್ನು ಹಿತ್ತಿಲಿಗೆ ಕಳಿಸಿ, ಸೋಪು ಹಾಕಿ ನೂರು ಎಣಿಸುವವರೆಗೆ ಕೈ ತೊಳೆಯಬೇಕು, ಆಮೇಲೆ ಇನ್ನೊಂದು ನೂರು ಎಣಿಸಬೇಕು ಅಂದರು. ನನ್ನನ್ನು ಆಸ್ಪತ್ರೆಯಿಂದ ಬೀಗ ತರಲು ಕಳಿಸಿದರು. ನಾನು ವಾಪಸು ಬರುವಷ್ಟರಲ್ಲಿ ಕರಿಯ ನಮ್ಮ ಖಾಲಿ ಕೊಟ್ಟಿಗೆಯಲ್ಲಿತ್ತು, ಬಾಗಿಲು ಹಾಕಿತ್ತು. ಹೇಗೆ ಸೇರಿಸಿದರೋ ನಾನು ನೋಡಲಿಲ್ಲ, ಅವ್ವನೂ ನೋಡಲಿಲ್ಲ. ಬೀಗ ಹಾಕಿ ನನ್ನ ಕಡೆ ತಿರುಗಿ ಅಂದರು, "ಮೇಷ್ಟ್ರೇ, ಓಡಿ. ಇವತ್ತು ಇನ್ ಬಸ್ಸಿಲ್ಲ, ನಿಮ್ಮವ್ವನ್ನ ಕರ್ಕಂಡು ನಾಳೆ ಮೊದುಲ್ನೇ ಬಸ್ಸಿಗೆ ಉಣಸೂರಿಗೆ. ಜನದ ಆಸ್ಪತ್ರೆಗೆ. ಒಟ್ಟೆಗೆ ಅದ್ನಾಕು ಸೂಜಿ."

ಅವ್ವ ಒಪ್ಪಲಿಲ್ಲ. ನಾಯಿ ತನ್ನನ್ನು ಕಚ್ಚಿಲ್ಲ ಅಂದಳು. "ಕಚ್ಚದೆ ಇರೋ ನಾಯಿಗೆ ಸೂಜಿ ಚುಚ್ಚುಸ್ಕಂಡ್ರೆ ಅದುಕ್ಕೆ ಅವಮಾನ ಮಾಡ್ದಂಗಲ್ವೇನ್ಲಾ? ನನ್ ಕೈಯಾಗೆ ಮುದ್ದೆ ತಿಂದು ಬೆಳೆದದ್ದು. ನಂಗೆ ಕೇಡು ಬಗೀತದಾ?" ನಾನು ಬೇಡಿದೆ, ಬೈದೆ, ತಟ್ಟೆ ಎಸೆದೆ. ಆ ಕಾಯಿಲೆ ಒಂದು ಸಲ ತಲೆಗೇರಿದರೆ ಯಾವ ಡಾಕ್ಟರೂ ಏನೂ ಮಾಡುವ ಹಾಗಿಲ್ಲ, ನೀರು ಕಂಡರೆ ಹೆದರಿ ಒದ್ದಾಡಿ ಸಾಯುತ್ತಾರೆ ಅಂದೆ. "ಸತ್ರೆ ನಿಂಗೆ ಅಡಿಗೆ ಮಾಡಾಕೋರು ಯಾರಂತ ಎದ್ರಿಕೆ ನಿಂಗೆ" ಅಂದಳು. ನನಗೆ ಅವಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ಯಾರೂ ಇರಲಿಲ್ಲ. ಹಿತ್ತಿಲಿಗೆ ಹೋಗಿ ಅತ್ತೆ.

ಸಂಜೆ ಕಾಂಪೌಂಡರ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಅವರು ಪುಸ್ತಕ ಬರೆಯುತ್ತ ಕೂತಿದ್ದರು. ಬರೆದು ಮುಗಿಸಿ, ಮಸಿ ಆರಲು ಊದಿ, ಆಮೇಲೆ ತಲೆ ಎತ್ತಿದರು.

"ನಿಮ್ಮವ್ವ ಯಾವತ್ತಾರ ಆಸ್ಪತ್ರೆ ಮೆಟ್ಲು ಅತ್ತವ್ರಾ?"

"ತನಗೋಸ್ಕರ ಯಾವತ್ತೂ ಇಲ್ಲ," ಅಂದೆ. "ಬೇರೆಯವರ ಜೊತೆಗೆ ಮಾತ್ರ ಹೋಗ್ತಾಳೆ. ಯಾರದ್ದೇ ಹೆರಿಗೆಯಾದ್ರೂ, ಯಾರ ಕೈ ಮುರಿದ್ರೂ, ಜೊತೆಗೆ ಇವಳೇ."

"ಅಂಗಾ," ಅಂದರು. ಪುಸ್ತಕ ಮುಚ್ಚಿ, "ವಸಿ ಉಂಡು ಮನಗಿ ಮೇಷ್ಟ್ರೇ" ಅಂದರು.

ಬೆಳಗ್ಗೆ ನೋಡಿದರೆ ಒಗೆದ ಅಂಗಿ ತೊಟ್ಟು, ಕೈಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಮುಖ ಬಿಳಿಚಿತ್ತು.

"ಅವ್ವಾ, ನಿಮ್ ತಾವ ಒಂದ್ ಇಸ್ಯ ಮುಚ್ಚಿಟ್ಟೆ. ನಿನ್ನೆ ನೀವು ಕೈ ತೊಳೀತಿದ್ರಲ್ಲ, ಆಗ ನಾನೂ ಕರಿಯನ ಬಾಯಿಗೆ ಕೈ ಆಕ್ಬುಟ್ಟೆ ಕಣವ್ವ. ಮೂಳೆ ಇದ್ರೂ ಇರ್ಬೋದು ಅಂತ. ಎಬ್ಬೆಟ್ಟು ತರಚ್ಕಂಡದೆ."

ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ ಬುದ್ಧಿಗಿಷ್ಟು! ಊರ್ಗೆಲ್ಲ ಯೋಳೋನು ನೀನೇ ಆಕುದ್ಯಾ?"

"ಅದ್ನಾಕು ಸೂಜಿ ಅಂತೆ. ನಂಗೆ ಸೂಜಿ ಅಂದ್ರೆ ಸ್ಯಾನೆ ಭಯ. ಎಮ್ಮೆಗೆ ಚುಚ್ಚದು ಬೇರೆ, ನಾವು ಚುಚ್ಚುಸ್ಕಳದು ಬೇರೆ. ಒಬ್ನೇ ಓಗಕ್ಕೆ ಆಗಲ್ಲ. ನಮ್ ಮನೆಯೋರು ತೌರಿಗೋಗವ್ರೆ. ನೀವು ಜ್ವತೆಗೆ ಬಂದ್ರೆ..."

ಅವ್ವ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು. ಹೇಗೂ ಹೋಗುವುದು ಹೋಗುತ್ತೇನೆ, ನೀನು ಧೈರ್ಯವಾಗಿರುವುದಾದರೆ ನಾನೂ ಒಂದು ಹಾಕಿಸಿಕೊಳ್ಳುತ್ತೇನೆ ಎಂದು ಬಸ್ಸಿನಲ್ಲಿ ಅವರಿಗೆ ಹೇಳಿದಳು.

ಆ ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಹುಣಸೂರಿನ ಆಸ್ಪತ್ರೆಯಲ್ಲಿ ಮೊದಲು ಮಲಗಿದವರು ಕಾಂಪೌಂಡರು. ಡಾಕ್ಟರು ಹೊಟ್ಟೆಯ ಚರ್ಮವನ್ನು ಹಿಡಿದೆತ್ತಿ ಉದ್ದನೆಯ ಸೂಜಿ ತೂರಿಸಿದರು. ಇವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಅವ್ವ ಅವರ ಕೈ ಹಿಡಿದುಕೊಂಡು "ಸೂಜಿ ಕಡೆ ನೋಡ್ಬ್ಯಾಡ ಮಗ, ನನ್ ಕಡೆ ನೋಡು" ಅಂದಳು. ಆಮೇಲೆ ತಾನು ಮಲಗಿ, ಅವರಿಗೆ ಧೈರ್ಯ ಹೇಳುತ್ತಲೇ ಚುಚ್ಚಿಸಿಕೊಂಡಳು. ಈ ಔಷಧಿಯಿಂದ ಎಲ್ಲೋ ಒಬ್ಬೊಬ್ಬರಿಗೆ ಕೈಕಾಲು ಸ್ವಾಧೀನ ತಪ್ಪುವುದುಂಟು, ಹದಿನಾಲ್ಕು ದಿನವೂ ಮೈ ದಂಡಿಸಬೇಡಿ ಎಂದು ಡಾಕ್ಟರು ಇಬ್ಬರಿಗೂ ಎಚ್ಚರಿಸಿದರು. ಕಾಂಪೌಂಡರು ಗೊತ್ತು ಅನ್ನುವಂತೆ ತಲೆಯಾಡಿಸಿದರು.

ಹದಿನಾಲ್ಕು ದಿನ ಹೀಗೇ ನಡೆಯಿತು. ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಹೋಗುವರು, ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಬರುವರು. ಎರಡನೆಯ ದಿನ, ಮಂಗಳವಾರ, ದನದ ಡಾಕ್ಟರು ಬಂದು ಕೊಟ್ಟಿಗೆಯ ಕಿಂಡಿಯಿಂದ ಕರಿಯನನ್ನು ನೋಡಿ, ಸಂಶಯವೇ ಇಲ್ಲ, ಹುಚ್ಚೇ ಅಂದರು. ಬುಧವಾರ ಅದು ಸತ್ತಿತು. ಆಳುದ್ದ ಗುಂಡಿ ತೆಗೆದು, ಸುಣ್ಣ ಹಾಕಿ ಹೂತೆವು. ಅವ್ವ ಆ ದಿನವೆಲ್ಲ ಏನೂ ತಿನ್ನಲಿಲ್ಲ. ಆದರೆ ಮಾರನೆಯ ದಿನ ಬಸ್ಸಿನ ಹೊತ್ತಿಗೆ ತಯಾರಾದಳು. ಅವಳು ಹೋಗದಿದ್ದರೆ ಕಾಂಪೌಂಡರು ತಪ್ಪಿಸಿಕೊಂಡುಬಿಡುತ್ತಾರೆಂದು ಅವಳಿಗೆ ಅನುಮಾನ.

ಅವಳು ಬದುಕಿದಳು. ಬದುಕಿ, ಈ ಕಥೆಯನ್ನು ಊರಿಗೆಲ್ಲ ಹೇಳಿದಳು. ಓದಿದವನು, ಊರಿಗೆ ಬುದ್ಧಿ ಹೇಳುವವನು, ತಾನೇ ನಾಯಿಯ ಬಾಯಿಗೆ ಕೈ ಹಾಕಿದ. ಎಮ್ಮೆಗೆ ಸೂಜಿ ಚುಚ್ಚುವವನು ಸೂಜಿ ಕಂಡು ಹಸುಗೂಸಿನ ಹಾಗೆ ಕಣ್ಣು ಮುಚ್ಚಿದ. ಸಂತೆಯಲ್ಲಿ ಜನ ಅವರನ್ನು ತಡೆದು "ನೀವೇ ಆಕುದ್ರಂತೆ?" ಎಂದು ಕೇಳಿ ನಗುತ್ತಿದ್ದರು. "ಊಂ, ಆಕ್ಬುಟ್ಟೆ" ಅನ್ನುತ್ತಿದ್ದರು. ನನ್ನ ಶಾಲೆಯ ಮಕ್ಕಳೂ ಕಿಸಕ್ಕೆಂದವು. ಆಮೇಲೆ ಅವರು ತಮ್ಮ ಆ ಹಳೇ ಎಚ್ಚರಿಕೆಯ ಮಾತನ್ನು ಎಲ್ಲೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಅವರು ಎರಡು ವರ್ಷ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಊರು ಅವ್ವನ ಕಥೆ ಕೇಳಿ ನಾಯಿ ಬಾಯಿಂದ ಕೈ ದೂರ ಇಟ್ಟಿತು. ಮರುವರ್ಷ ಅವರಿಗೆ ಎಚ್.ಡಿ. ಕೋಟೆ ಕಡೆಗೆ ವರ್ಗವಾಯಿತು. ಬೀಳ್ಕೊಡಲು ಬಸ್ಸಿನ ಹತ್ತಿರ ಐದಾರು ಜನ ಇದ್ದೆವು, ನಾಯಿಗಳು ಅದಕ್ಕಿಂತ ಹೆಚ್ಚಿದ್ದವು.

ಎಷ್ಟೋ ವರ್ಷದ ಮೇಲೆ, ನಾನು ಹೆಡ್‌ಮೇಷ್ಟರಾಗಿದ್ದಾಗ, ದನದ ಆಸ್ಪತ್ರೆಯ ಹೆಂಚು ತೆಗೆದು ರಿಪೇರಿ ಮಾಡುವವರು ಅಲ್ಲಿಯ ಹಳೇ ಪುಸ್ತಕಗಳನ್ನು ತಂದು ನಮ್ಮ ಶಾಲೆಯ ಕೋಣೆಯಲ್ಲಿಟ್ಟರು. ಗೆದ್ದಲು ಹತ್ತಿತೆಂದು ಕೊಡವಲು ಹೋಗಿ ಓದುತ್ತ ಕೂತೆ. ಕರು, ಕರು, ಕರು. ಬೊಗಳುವ ಕರುವನ್ನು ಕಂಡು ಒಬ್ಬನೇ ನಕ್ಕೆ. ಆಮೇಲೆ ಆ ಭಾನುವಾರದ ಪುಟ ಬಂತು. ನಾನು ಹೋಗಿ ಎದುರಿಗೆ ನಿಂತಾಗ ಅವರು ಬರೆದು ಊದುತ್ತಿದ್ದ ಪುಟ. ಕರುವಿನ ಕಲಮನ್ನು ಖಾಲಿ ಬಿಟ್ಟು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದರು:

"ನಾಯಿ. ಗಂಡು, ಕಪ್ಪು. ಕೆಳದವಡೆ ಜೋತಿದೆ, ಜೊಲ್ಲು, ನೀರು ಕುಡಿಯಲಾಗುತ್ತಿಲ್ಲ. ಹುಚ್ಚಿನ ಲಕ್ಷಣ. ಉದ್ದ ಗಳದಿಂದ ದೂಡಿ ಕೊಟ್ಟಿಗೆಗೆ ಸೇರಿಸಿದೆ. ನಾನು ಮುಟ್ಟಿಲ್ಲ. ಮನೆಯಾಕೆ ಬಾಯಿಗೆ ಕೈ ಹಾಕಿದ್ದಾರೆ, ಕೈಯಲ್ಲಿ ಗಾಯವಿದೆ."

ಪುಸ್ತಕದಲ್ಲಿ ಸುಳ್ಳು ಬರೆದು ಹೊರಗೆ ನಿಜ ಹೇಳುತ್ತಿದ್ದ ಮನುಷ್ಯ ಅದೊಂದು ದಿನ ಪುಸ್ತಕದಲ್ಲಿ ನಿಜ ಬರೆದಿಟ್ಟಿದ್ದರು. ಎಚ್.ಡಿ. ಕೋಟೆಗೆ ಹೋಗಿ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಹೋಗಲಿಲ್ಲ. ಹೋಗಿದ್ದರೆ "ಬುಡಿ" ಅನ್ನುತ್ತಿದ್ದರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಯ ವಿಷಯ, ಆದರೂ ಬರೆಯುತ್ತಿದ್ದೇನೆ. ಅವ್ವನಿಗೂ ಹೇಳಲಿಲ್ಲ. ಆ ಮನುಷ್ಯನನ್ನು ಬದುಕಿಸಿದ್ದು ತಾನೇ ಎಂದು ಅವಳು ಅಷ್ಟು ವರ್ಷದಿಂದ ನಂಬಿದ್ದಳು.

ಹೋದ ತಿಂಗಳು ಕಾರ್ಡು ಬಂದಾಗ ಅವ್ವನಿಗೆ ಓದಿ ಹೇಳಿದೆ. ಅವಳಿಗೀಗ ಕಣ್ಣು ಕಾಣುವುದಿಲ್ಲ. ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಸ್ಪತ್ರೇಲಿ ತೀರ್ಕಂಡ್ರಾ?"

"ಊಂ. ಹದಿನೈದು ದಿನ ಇದ್ದರಂತೆ."

"ಅಯ್ಯೋ ಪಾಪ. ಸೂಜಿ ಅಂದ್ರೆ ಎಷ್ಟು ಎದರ್ತಿತ್ತು ಆ ಜೀವ. ಚುಚ್ಚುವಾಗ ಯಾರಾರ ಕೈ ಇಡ್ಕಂಡಿದ್ರೇನ್ಲಾ?"

"ಹಿಡ್ಕೊಂಡಿದ್ದರಂತೆ ಅವ್ವ. ದಿನಾ ಹಿಡ್ಕೊಂಡಿದ್ದರಂತೆ. ಅಳಿಯ ಬರೆದಿದ್ದಾರೆ."

ಅವ್ವ "ಅಷ್ಟಾದ್ರೆ ಸಾಕು ಬುಡು" ಎಂದು ಮತ್ತೆ ಅವರೆಕಾಯಿ ಸುಲಿಯತೊಡಗಿದಳು. ಕಾರ್ಡಿನಲ್ಲಿ ಹಾಗೇನೂ ಬರೆದಿರಲಿಲ್ಲ.